ಕಾಲರಿಗೆ ಕತ್ತರಿಸಿದ ಹಾಳೆ

ಅಕ್ಕಾ,

ನೀನು ಏಳೋ ಮೊದಲೇ ಆಸ್ಪತ್ರೆಗೆ ಹೊರಟೆ. ಮುಖ ತೋರಿಸೋಕೆ ಧೈರ್ಯ ಸಾಲಲಿಲ್ಲ.

ನನ್ನ ಕರುಳಿನ ಕ್ಯಾನ್ಸರ್ ಮತ್ತೆ ಬಂದಿದೆ, ಈ ಸಲ ಲಿವರ್‌ಗೂ ಹಬ್ಬಿದೆ. ನಾಳೆ ಆಪರೇಷನ್, ಲಿವರಿನ ಒಂದು ಭಾಗ ಕತ್ತರಿಸಿ ತೆಗೀತಾರಂತೆ. ದಿನಾ ಬಟ್ಟೆ ಕತ್ತರಿಸೋ ನನ್ನನ್ನೇ ನಾಳೆ ಕತ್ತರಿಸ್ತಾರೆ.

ಹೊಲಿಯೋಕೆ ಬಂದಿರೋ ಮೇಷ್ಟ್ರ ಪ್ಯಾಂಟಿಗೆ ಗುಂಡಿಯೊಂದು ಬಾಕಿ, ಹಾಕಿಕೊಡು. ನಿನ್ನ ಬಿಪಿ ಮಾತ್ರೆ ಮರೀಬೇಡ. ಹೇಳೋಕೆ ನಾನ್ಯಾರು, ಬಿಡು!

ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸು ಅಂತ ಡಾಕ್ಟರ್ ಬರೆದುಕೊಟ್ಟಿದ್ರಲ್ಲ, ನೀನು ಕೇಳಿದಾಗೆಲ್ಲ ‘ಮಾಡಿಸ್ದೆ, ಎಲ್ಲ ಸರಿಯಿದೆ’ ಅಂದೆ. ಒಂದು ಸಲಾನೂ ಮಾಡಿಸಿರಲಿಲ್ಲ. ಆ ಹಾಳೆ ಒಳ್ಳೆ ದಪ್ಪಗಿದೆ ಅಂತ ನಿನ್ನ ಹೊಸ ಕೋಟಿನ ಕಾಲರಿಗೆ ಅಳತೆಯ ಪ್ಯಾಟರ್ನ್ ಕತ್ತರಿಸಿಕೊಂಡಿದ್ದೆ.

ಬಂದು ಎಷ್ಟು ಬೇಕಾದ್ರೂ ಬೈಯಿ. ಆ ಕೋಟು ಮಾತ್ರ ಹಾಕ್ಕೊಂಡು ಬರಬೇಡ.