ಕಲ್ಲಿನಲ್ಲಿಲ್ಲದ ಸಾಲು

ನಮ್ಮ ಹಳೆಯ ಓಣಿ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

‘ನೀರು ಕುಡಿದವರು ಕಟ್ಟಿಸಿದವಳ ಹೆಸರು ಕೇಳದೆ ಹೋಗಲಿ.’ ಹೀಗೇ ಇತ್ತಲ್ಲವೇ ಆ ಸಾಲು? ಅಥವಾ ‘ಕೇಳಿ ಹೋಗಲಿ’ ಎಂದಿತ್ತೇ? ಬೆಳಗಿನಿಂದ ಎರಡನ್ನೂ ಹೇಳಿ ನೋಡುತ್ತಿದ್ದೇನೆ, ಎರಡೂ ಸರಿ ಅನ್ನಿಸುತ್ತವೆ. ನಿನಗೆ ಖಂಡಿತ ನೆನಪಿರುತ್ತದೆ. ನಿನ್ನ ಪ್ರಬಂಧ ನಿಂತದ್ದೇ ಆ ಸಾಲಿನ ಮೇಲೆ. ಬಿದ್ದದ್ದೂ ಅದರಿಂದಲೇ.

ಇಪ್ಪತ್ತೈದು ವರ್ಷದ ಮೇಲೆ ಬರೆಯುತ್ತಿದ್ದೇನೆ. ವಿಚಾರ ಸಂಕಿರಣಕ್ಕೆಂದು ಊರಿಗೆ ಬಂದವಳು ಹಾಗೇ ಓಣಿಯ ಕಡೆ ಬಂದೆ. ನಮ್ಮ ಮಹಡಿಯ ಕೋಣೆ ಖಾಲಿಯಿತ್ತು, ಎರಡು ದಿನಕ್ಕೆ ಹಿಡಿದಿದ್ದೇನೆ. ಕಿಟಕಿಯ ಚಿಲಕ ಈಗಲೂ ಕೂರುವುದಿಲ್ಲ. ನೀನು ಮಾಡುತ್ತಿದ್ದಂತೆ ಬಾಚಣಿಗೆ ಸಿಕ್ಕಿಸಿದ್ದೇನೆ. ಕೆಳಗೆ ಹುಡುಗಿಯರು ಆರುನೂರು ವರ್ಷದ ಗೋಡೆಗೆ ಸೈಕಲ್ ಒರಗಿಸಿ ಪರೀಕ್ಷೆಯ ಮಾತಾಡುತ್ತಿದ್ದಾರೆ. ನಾವೂ ಹಾಗೇ ಇದ್ದೆವಲ್ಲ. ಎದುರು ಮನೆಯ ಗಡಿಯಾರ ರಿಪೇರಿಯವರ ಹೆಂಡತಿ, ನಮ್ಮ ಗಡಿಯಾರದಕ್ಕ, ನಿನ್ನ ಗಿಡ್ಡ ನನ್ನ ಉದ್ದ ನೋಡಿ ನಮಗೆ ಹೆಸರಿಟ್ಟವರು. “ಒಂಟೆ ಬಂತು, ಗುಬ್ಬಿ ಎಲ್ಲಿ ಬಿದ್ದೋಯ್ತೋ!” ಎಂದು ದಿನವೂ ಛೇಡಿಸುತ್ತಿದ್ದರು.

ಆ ದಿನ ನಿನಗೆ ಜ್ವರ. ಮೆಟ್ಟಿಲುಬಾವಿಯ ಶಾಸನದ ಪಡಿಯಚ್ಚು ತೆಗೆಯಲು ನಿನ್ನ ಬದಲು ನಾನು ಹೋದೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮಸಿಯ ಉಂಡೆ ಒತ್ತಿದೆ. ಇನ್ನು ಒಣಗುವವರೆಗೆ ಕಾಯಬೇಕು. ಅಷ್ಟರಲ್ಲಿ ಗಾಳಿ ಬೀಸಿ ಕೆಳಗಿನ ಅಂಚು ಹರಿಯಿತು, ಕೊನೆಯ ಸಾಲು ಕಲ್ಲಿಗೇ ಅಂಟಿಕೊಂಡಿತು. ಹರಿಯುವ ಮುಂಚೆ ಓದಿ ಬರೆದುಕೊಂಡಿದ್ದೇನೆ ಎಂದು ನಿನಗೆ ಹೇಳಿದೆ.

ಇಲ್ಲ ಗುಬ್ಬಿ, ಗಾಳಿ ಇರಲಿಲ್ಲ. ಸಂಜೆಯ ನಾಟಕಕ್ಕೆ ನನ್ನ ಹತ್ತಿರ ಟಿಕೆಟ್ ಇತ್ತು. ಹಸಿ ಇರುವಾಗಲೇ ಕಿತ್ತೆ. ಆ ಸಾಲನ್ನು ಬಸ್ಸಿನಲ್ಲಿ ಕೂತು ನಾನೇ ಕಟ್ಟಿದೆ. ದಿನವಿಡೀ ಕವಿತೆ ಓದುವವಳಿಗೆ ಒಂದು ಸಾಲು ಎಷ್ಟರದು? ಮರುದಿನ ಹೋಗಿ ಇನ್ನೊಂದು ಪ್ರತಿ ತೆಗೆದರಾಯಿತು ಅಂದುಕೊಂಡಿದ್ದೆ. ಆದರೆ ನೀನು ಓದಿ, ಜ್ವರದಲ್ಲೇ ಎದ್ದು ಕೂತು, “ಎಂಥಾ ಹೆಂಗಸು ಕಣೇ ಇವಳು!” ಅಂದೆ. ಆಮೇಲೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನೊಮ್ಮೆ ಕಲ್ಲು ನೋಡೋಣವೇ ಎಂದು ನಾನು ಒಂದು ಸಲ ಕೇಳಿದೆ. “ನೀನು ಓದಿದ್ದೀಯಲ್ಲ, ಸಾಕು” ಅಂದೆ ನೀನು. ಇಡೀ ಒಂದು ಅಧ್ಯಾಯವನ್ನು ಬಾವಿ ಕಟ್ಟಿಸಿದ ಆ ಹೆಂಗಸಿಗೇ ಕೊಟ್ಟೆ.

ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಬಾವಿಗಿಳಿದು ಕಲ್ಲನ್ನೇ ಓದಿ ಬಂದಿದ್ದರು. ಆ ಕೊನೆಯ ಸಾಲಿನಲ್ಲಿದ್ದದ್ದು ಬಾವಿಯ ಆಳ, ಮೆಟ್ಟಿಲುಗಳ ಸಂಖ್ಯೆ, ಅಷ್ಟೇ. ಕಲ್ಲಿನಲ್ಲಿಲ್ಲದ್ದನ್ನು ಹುಟ್ಟಿಸಿದವಳು ಎಂದು ತರಗತಿಯ ಮುಂದೆ ಅವರು ನಿನ್ನನ್ನು ಅಂದಾಗ ನಾನು ಎರಡನೆಯ ಬೆಂಚಿನಲ್ಲಿದ್ದೆ. ನೀನು ಒಮ್ಮೆ ತಿರುಗಿ ನೋಡಿದೆ. ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಪ್ರಬಂಧ ತಿರಸ್ಕೃತವಾಯಿತು, ನೀನು ಊರು ಬಿಟ್ಟೆ. ನಮ್ಮ ವಿಭಾಗದ ಮೇಷ್ಟ್ರು ನಿನಗೆಂದು ಇಟ್ಟಿದ್ದ ಅಧ್ಯಾಪಕಿಯ ಕೆಲಸ ನನಗೆ ಬಂತು.

ವಿಚಾರ ಸಂಕಿರಣವೂ ಸುಳ್ಳು. ಇವತ್ತು ಬೆಳಿಗ್ಗೆ ವಿಭಾಗಕ್ಕೆ ಹೋಗಿ ಇದೆಲ್ಲವನ್ನೂ ಬರೆದು, ಸಹಿ ಹಾಕಿ ಕೊಟ್ಟೆ. ಗುಮಾಸ್ತ ಓದಿ ನೋಡಿದ. “ಆ ಕಾಲದ ಫೈಲೆಲ್ಲ ಯಾವಾಗ್ಲೋ ವಿಲೇವಾರಿ ಆಯ್ತು ಮೇಡಂ. ಇದನ್ನ ಯಾವುದಕ್ಕೆ ಸೇರಿಸ್ಲಿ?” ಎಂದ. ಮೇಷ್ಟ್ರೂ ಇಲ್ಲ, ಆ ಹಿರಿಯರೂ ಇಲ್ಲ. ನನ್ನ ಮಾತು ಕೇಳಬೇಕಾದವರಲ್ಲಿ ಉಳಿದಿರುವವಳು ನೀನೊಬ್ಬಳೇ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಒಂಟೆ ತಪ್ಪು ಓದಿರಬೇಕು ಎಂದು ನೀನು ಇಷ್ಟು ವರ್ಷ ನಂಬಿರಬಹುದು. ತಪ್ಪು ಓದಲಿಲ್ಲ ಗುಬ್ಬಿ, ಓದಲೇ ಇಲ್ಲ. ಅದು ನಿನಗೆ ಗೊತ್ತಾಗಲಿ ಎಂದು ಈ ಕಾಗದ.

ನಿನ್ನವಳು ಎಂದು ಬರೆಯಲು ಕೈ ಬಾರದ,
ಒಂಟೆ

ತಾ.ಕ.: ನಿನ್ನ ವಿಳಾಸ ಕೇಳಲು ಈಗಷ್ಟೇ ಎದುರು ಮನೆಗೆ ಹೋಗಿದ್ದೆ. ಗಡಿಯಾರದಕ್ಕನ ತಲೆ ಪೂರ್ತಿ ಬೆಳ್ಳಗಾಗಿದೆ, ಆದರೂ ನನ್ನ ಗುರುತು ಹಿಡಿದರು. ವಿಳಾಸದ ಚೀಟಿ ಕೊಟ್ಟರು, ಒಳಗೆ ಬಾ ಅನ್ನಲಿಲ್ಲ. ಪರೀಕ್ಷೆಯ ಹಿಂದಿನ ದಿನ ಆ ಸಾಲನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನೀನು ಬಾವಿಗೆ ಹೋಗಿದ್ದೆಯಂತೆ. ಬಾಗಿಲು ಹಿಡಿದು ನಿಂತೇ ಅವರು ಹೇಳಿದರು: “ಬಂದವಳು ಇದೇ ಹೊಸ್ತಿಲ ಮೇಲೆ ಕೂತ್ಲು ಕಣಮ್ಮ. ನೀರೂ ಬೇಡ ಅಂದ್ಲು, ಕಲ್ಲಲ್ಲಿ ಆ ಸಾಲೇ ಇಲ್ಲ ಅಂದ್ಲು. ಹೋಗಿ ಒಂಟೇನ ಕೇಳೇ ಅಂತ ನಾನೇ ಬೈದೆ. ಬೇಡ ಅಕ್ಕ, ನಾನು ಕೇಳಿದ್ರೆ ಅವಳಿಗೆ ನಾಚಿಕೆ ಆಗುತ್ತೆ, ನಾಳೆ ಅವಳೇ ಎದ್ದು ಹೇಳ್ತಾಳೆ ಬಿಡಿ ಅಂದ್ಲು.”