ತೊಡೆಯ ಮೇಲಿನ ತಾಳ

ನವೆಂಬರ್ 3, ಸೋಮವಾರ, ಸಂಜೆ

ದೋಸೆಗೆ ರುಬ್ಬಿ ಇಟ್ಟೆ. ಈ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ, ಗೊತ್ತು. ಆದರೂ ರುಬ್ಬುತ್ತೇನೆ. ಹೊರಗೆ ಹೊಗೆ... ಎದುರಿನ ಸೊಸೈಟಿಯ ಕಟ್ಟಡವೇ ಕಾಣುತ್ತಿಲ್ಲ. ಬ್ಯಾಂಕಿನಲ್ಲಿ ಅರ್ಧ ದಿನ ಸರ್ವರ್ ಡೌನ್. ಬೈಸಿಕೊಂಡದ್ದು ಕೌಂಟರಿನಲ್ಲಿ ಕೂತ ನಾನು.

ಮಗಳು ಪ್ರಕೃತಿ ಕುಣಿಯುತ್ತ ಬಂದಳು. ಅವಳು ಹಾಡುತ್ತಿರುವ ಆ ಟಿವಿ ಸ್ಪರ್ಧೆಯವರು ಚಾರಿಟಿ ಸ್ಪೆಷಲ್ ಮಾಡುತ್ತಾರಂತೆ. ಕಿವಿ ಕೇಳದ ಮಕ್ಕಳಿಗೆ ಹಿಯರಿಂಗ್ ಮಷೀನು ಹಾಕಿಸಲು. ಸಿನಿಮಾದ ಹೀರೋ ಒಬ್ಬ ಬರುತ್ತಾನಂತೆ. ಸ್ಪರ್ಧಿಗಳು ಅವರವರ ಮಾತೃಭಾಷೆಯಲ್ಲಿ ಹಾಡಬೇಕು, ನೋಡುವವರು ಫೋನ್ ಮಾಡಿ ದಾನ ಕೊಡಬೇಕು.

ಇವಳು ಆರಿಸಿಕೊಂಡದ್ದು ಆ ದೇವರನಾಮ. ಅವಳಿಗೆ ಆರು ವರ್ಷವಿದ್ದಾಗ ಇವರು, ಅವಳಪ್ಪ, ಕಲಿಸಿದ್ದು. ಮೆಟ್ರೋದಲ್ಲಿ, ಲೋಧಿ ಕಾಲೋನಿಗೆ ರತ್ನಪ್ರಭಾ ಟೀಚರ ಪಾಠಕ್ಕೆ ಹೋಗುವ ದಾರಿಯಲ್ಲಿ. ಇವರ ಕಂಠಕ್ಕೂ ಶ್ರುತಿಗೂ ಆಗಿಬರುವುದಿಲ್ಲ. ಆದರೆ ತಾಳ! ತೊಡೆಯ ಮೇಲೆ ಕೈ ಬಿತ್ತೆಂದರೆ ಗಡಿಯಾರ. ಟೀಚರೇ ಒಪ್ಪಿದ ಮಾತು. ಅವರು ಇನ್ನೇನನ್ನೂ ಸುಲಭಕ್ಕೆ ಒಪ್ಪಿದವರಲ್ಲ.

ಬುಧವಾರ ಮನೆಗೆ ಶೂಟಿಂಗಿಗೆ ಬರುತ್ತಾರಂತೆ. ಸ್ಟೋರಿ ನೋಡಿಕೊಳ್ಳುವ ಹುಡುಗ, ವಿಕ್ರಮ್ ಅಂತೆ, ಫೋನಿನಲ್ಲಿ ಕೇಳಿದ: "ಆಂಟೀಜಿ, ಆಪ್ ಕೀ ಸ್ಟೋರಿ ಕ್ಯಾ ಹೈ?"

ನಮಗೇನು ಸ್ಟೋರಿ? ಇಬ್ಬರಿಗೂ ನೌಕರಿ ಇದೆ. ಮಗಳು ಹಾಡುತ್ತಾಳೆ. ಹೇಳಿದೆ. ಪಾಪ, ತುಂಬಾ ಬೇಜಾರು ಮಾಡಿಕೊಂಡ.

ನವೆಂಬರ್ 5, ಬುಧವಾರ

ಗುರುನಾನಕ್ ಜಯಂತಿ, ರಜೆ. ರಜೆಯೆಲ್ಲ ಹಾಳು.

ಬೆಳಿಗ್ಗೆಯೇ ಬಂದರು. ಕ್ಯಾಮೆರಾ, ಲೈಟು, ಶೂ ಬಿಚ್ಚದ ಕಾಲುಗಳು. ವಿಕ್ರಮ್ ಮನೆಯೆಲ್ಲ ನೋಡಿದ, ಮುಖ ಬಾಡಿತು. ಆಮೇಲೆ ಇವರನ್ನು ನೋಡಿದ. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ದಪ್ಪ ಮೀಸೆಯಲ್ಲಿ ನಿಂತಿದ್ದರು. ಅವನ ಮುಖ ಅರಳಿತು.

"ಪರ್ಫೆಕ್ಟ್! ಸ್ಟ್ರಿಕ್ಟ್ ಸೌತ್ ಇಂಡಿಯನ್ ಫಾದರ್!"

ಇವರಾ? ಸ್ಟ್ರಿಕ್ಟಾ? ಸೊಳ್ಳೆ ಹೊಡೆಯಲೂ ನನ್ನನ್ನು ಕರೆಯುವ ಮನುಷ್ಯ.

ಅವನ ಕಥೆ ಹೀಗೆ: ಅಪ್ಪ ಹಾಡು ಬೇಡ ಅಂದ. ಓದು ಅಂದ. ಶ್ರುತಿಪೆಟ್ಟಿಗೆ ಕಿತ್ತುಕೊಂಡು ಅಟ್ಟಕ್ಕೆಸೆದ. ಮಗಳು ಕದ್ದು ಕಲಿತಳು. ಈಗ ಸ್ಟೇಜಿನಲ್ಲಿ ಅವಳ ಹಾಡು ಕೇಳಿ ಅಪ್ಪ ಕರಗಿ ಅಳುತ್ತಾನೆ.

"ಆದರೆ ನಾನು ಹಾಗೆ ಮಾಡಿಲ್ಲವಲ್ಲ," ಅಂದರು ಇವರು, ಹಿಂದಿಯಲ್ಲಿ, ಮೆತ್ತಗೆ.

"ಅಂಕಲ್‌ಜಿ, ಜನ ಅತ್ತರೆ ಫೋನ್ ಮಾಡ್ತಾರೆ. ಫೋನ್ ಬಂದರೆ ಬಚ್ಚೋಂ ಕೋ ಮಷೀನ್ ಸಿಗುತ್ತೆ. ಬಚ್ಚೋಂ ಕೇ ಲಿಯೇ, ಅಂಕಲ್‌ಜಿ."

ಮಕ್ಕಳ ಹೆಸರು ಹೇಳಿದ ಮೇಲೆ ಇವರು ಒಪ್ಪಿದರು. ಪ್ರಕೃತಿ ಅಪ್ಪನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ಬೇಡ ಅನ್ನಲಿಲ್ಲ.

ಟೇಕ್ ಮೇಲೆ ಟೇಕ್. ಶ್ರುತಿಪೆಟ್ಟಿಗೆ ಅಟ್ಟಕ್ಕೆ ಹಾಕುವ ಸೀನು. ಇವರು ಮೊದಲು ಅದಕ್ಕೆ ಟವೆಲ್ ಸುತ್ತಿದರು, ಧೂಳು ಹೋಗದಿರಲಿ ಅಂತ. "ಕಟ್! ಅಂಕಲ್‌ಜಿ, ಗುಸ್ಸೇ ಮೇಂ ಕೌನ್ ಟವೆಲ್ ಲಪೇಟ್ತಾ ಹೈ?" ಸಿಟ್ಟಿನಲ್ಲಿ ಯಾರಾದರೂ ಟವೆಲ್ ಸುತ್ತುತ್ತಾರಾ ಅಂತ. ನಗು ಬಂತು. ಅಳುವೂ ಬಂತು. ಕೊನೆಗೆ ಹಾಗೇ ಎಸೆದರು... ಎಸೆದರು ಅಂದರೆ, ಸ್ವಲ್ಪ ಜೋರಾಗಿ ಇಟ್ಟರು.

ಪೆಟ್ಟಿಗೆ ಅಲ್ಲೇ ಇದೆ. ಯಾರೂ ಇಳಿಸಲಿಲ್ಲ.

ನವೆಂಬರ್ 8, ಶನಿವಾರ

ಮಗಳು ಮೊಬೈಲಿನ ಆ್ಯಪ್‌ನಲ್ಲಿ ಶ್ರುತಿ ಹಾಕಿಕೊಂಡು ರೂಮಿನ ಬಾಗಿಲು ಮುಚ್ಚಿ ಹಾಡುತ್ತಾಳೆ. ಇವರು ಹಾಲಿನಲ್ಲಿ ಪೇಪರ್ ಹಿಡಿದು ಕೂರುತ್ತಾರೆ. ಪುಟ ತಿರುಗುವುದಿಲ್ಲ.

ಇಂದು ನನಗೆ ತಡೆಯಲಾಗಲಿಲ್ಲ. "ಬೇಡ ಅಂತ ಹೇಳಿಬಿಡು ಅವರಿಗೆ," ಅಂದೆ.

"ಅಮ್ಮಾ, you don't get it. ಸ್ಟೋರಿ ಇಲ್ಲಾಂದ್ರೆ ಎಲ್ಲರಿಗಿಂತ ಮೊದ್ಲು ನನ್ನೇ ತೆಗೀತಾರೆ. ಸಬ್ ಕೀ ಸ್ಟೋರಿ ಹೈ! ಒಬ್ಬಳದು ಮನೆ ಬಿದ್ದಿದೆ, ಒಬ್ಬನ ಅಪ್ಪ ಇಲ್ಲ. ನಂದು? ನಂಗೇನೂ ಆಗೇ ಇಲ್ಲ!"

"ಏನೂ ಆಗಿಲ್ಲ ಅಂತ ಬೇಜಾರಾ ನಿನಗೆ?"

ಜೋರಾಗಿ ಅತ್ತಳು. ಆಸೆಯೂ ಇದೆ, ನಾಚಿಕೆಯೂ ಇದೆ. ಹದಿನೇಳಕ್ಕೆ ಎರಡನ್ನೂ ಹೊರುವುದು ಕಷ್ಟ. ಅವಳ ಮೇಲೆ ಸಿಟ್ಟು ಬಂತು, ಮರುಕವೂ ಬಂತು.

ಇವರು ಪೇಪರ್ ಮಡಿಚಿದರು. "ಬಿಡು ಅಹಲ್ಯಾ. ನನ್ನನ್ನ ನೋಡಿ ನಾಲ್ಕು ಜನ ಬೈದ್ರೆ ಬೈಲಿ. ಆಫೀಸಲ್ಲಿ ಸ್ವಲ್ಪ ನಗ್ತಾರೆ, ಅಷ್ಟೇ. ಅವಳು ಹಾಡ್ಲಿ." ಆಮೇಲೆ, ತಗ್ಗಿದ ದನಿಯಲ್ಲಿ, "ಟೀಚರಿಗೆ ಮಾತ್ರ ಈಗ್ಲೇ ಹೇಳ್ಬೇಡಿ."

ಅಷ್ಟು ವರ್ಷ ಮಗಳ ಕೈ ಹಿಡಿದು ಕರೆದೊಯ್ದ ಮನುಷ್ಯ ಮಗಳನ್ನು ತಡೆದವನು ಅಂತ ದೇಶವೆಲ್ಲ ನೋಡಬೇಕು. ಹೊಟ್ಟೆ ಉರಿಯುತ್ತದೆ ನನಗೆ. ಅದಕ್ಕಿಂತ ಹೆಚ್ಚು ಹೆದರಿಕೆ. ಅದನ್ನು ಟಿವಿಯಲ್ಲಿ ನೋಡಿದ ಮೇಲೆ ಇವರಿಬ್ಬರೂ ಮೊದಲಿನ ಹಾಗೆ ಒಟ್ಟಿಗೆ ಕೂರುವುದು ಹೇಗೆ?

ನವೆಂಬರ್ 9, ಭಾನುವಾರ

ಪಾಠಕ್ಕೆ ಮೂವರೂ ಹೋದೆವು. ಇವರು ಟೀಚರ ಮನೆಗೆ ಬರಲಿಲ್ಲ. ಕೆಳಗೆ ಬೇವಿನ ಮರದ ಕಟ್ಟೆಯಲ್ಲಿ ಮಾಸ್ಕ್ ಹಾಕಿಕೊಂಡು ಕೂತರು. "ಕಾಲು ನೋವು" ಅಂತ ಹೇಳಲು ಹೇಳಿದರು.

ಟೀಚರು ಕಿಟಕಿಯಿಂದ ಬಗ್ಗಿ ನೋಡಿದರು. "ನಾಣಿಗೆ ಕಾಲು ನೋವಾದ್ರೆ ಕೈಗೇನಾಗಿದೆ? ತಾಳ ಹಾಕೋಕೆ ಯಾರಿದ್ದಾರೆ ಇಲ್ಲಿ?"

ನಾನು ಹಾಕಿದೆ. ಎರಡು ಸಲ ತಪ್ಪಿದೆ. ಪ್ರಕೃತಿ ಹಾಡು ನಿಲ್ಲಿಸಿ ಕಿಟಕಿಯ ಕಡೆ ನೋಡಿದಳು.

ನವೆಂಬರ್ 16, ಭಾನುವಾರ, ರಾತ್ರಿ

ಹೊತ್ತು ಬಹಳವಾಗಿದೆ. ಆದರೂ ಬರೆಯಬೇಕು.

ನೋಯ್ಡಾದ ಸ್ಟುಡಿಯೋ ಒಳಗೆ ಐಸ್‌ಬಾಕ್ಸ್. ಶಾಲು ಹೊದ್ದು ಕೂತೆವು. ಮೊದಲ ಸಾಲಿನಲ್ಲಿ ಇವರು, ಹಿಂದಿನ ಸಾಲಿನಲ್ಲಿ ನಾನು. ವಿಕ್ರಮ್ ಇವರಿಗೆ ಹೇಳಿಕೊಟ್ಟ: ಹಾಡು ಮುಗಿಯುವವರೆಗೂ ಕಲ್ಲಿನ ಹಾಗೆ ಕೂರಬೇಕು, ಹುಬ್ಬು ಗಂಟು. ಆಮೇಲೆ ಹೀರೋ ಕೆಳಗಿಳಿದು ಬಂದು, ಇನ್ನಾದರೂ ಹಾಡಲು ಬಿಡುತ್ತೀರಾ ಅಂತ ಕೇಳುತ್ತಾನೆ. ಎದ್ದು ಮಗಳನ್ನು ತಬ್ಬಿ "ಗಾ ಬೇಟಾ" ಅನ್ನಬೇಕು. ಇವರು ತಲೆಯಾಡಿಸಿದರು.

ಇವರ ಪಕ್ಕ ಒಂದು ಪುಟ್ಟ ಹುಡುಗಿಯನ್ನು ಕೂರಿಸಿದರು. ಮಾಹಿ. ಫರೀದಾಬಾದಿನವಳು, ಅಪ್ಪ ಫ್ಯಾಕ್ಟರಿಯಲ್ಲಿದ್ದಾನೆ. ಕಿವಿಯ ಹಿಂದೆ ಮಷೀನು, ಹೋದ ವರ್ಷದ ದಾನದಲ್ಲಿ ಹಾಕಿಸಿದ್ದಂತೆ. ಸದ್ದು ಹೊಸದು ಅವಳಿಗೆ. ಸ್ಪೀಕರು ಗುಡುಗಿದಾಗಲೆಲ್ಲ ಅಮ್ಮನ ಸೆರಗು ಹಿಡಿಯುತ್ತಿದ್ದಳು.

ಪ್ರಕೃತಿ ಬಂದಳು. ದೊಡ್ಡ ಪರದೆಯ ಮೇಲೆ ನಮ್ಮ ಅಟ್ಟ, ನಮ್ಮ ಶ್ರುತಿಪೆಟ್ಟಿಗೆ, ಇವರ ಮೀಸೆ. ಜನ "ಛೇ" ಅಂದರು. ನನ್ನ ಪಕ್ಕದ ಹೆಂಗಸು ಇವರ ಬೆನ್ನನ್ನೇ ದುರುಗುಟ್ಟಿ ನೋಡಿದಳು. ಎದ್ದು ಕೂಗಬೇಕು ಅನಿಸಿತು... ಕೂಗಲಿಲ್ಲ.

ಹಾಡು ಶುರುವಾಯಿತು. ಮಗಳ ದನಿ ಕಟ್ಟಿತ್ತು. ಪಲ್ಲವಿಯನ್ನೇ ಎಳೆದಳು, ಲಯ ಜಾರುತ್ತಿತ್ತು. ಕೀಬೋರ್ಡಿನವನೂ ತಬಲಾದವನೂ ಮುಖ ಮುಖ ನೋಡಿಕೊಂಡರು.

ಆಗ ಇವರ ಭುಜ ಅಲುಗಿತು. ಬಗ್ಗಿ ನೋಡಿದೆ. ಬಲಗೈ ತೊಡೆಯ ಮೇಲೆ ಬಿದ್ದಿದೆ. ಒಂದು ಹೊಡೆತ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು... ಆದಿತಾಳ! ಹುಬ್ಬು ಹೇಳಿಕೊಟ್ಟ ಹಾಗೇ ಗಂಟು, ಮುಖ ಕಲ್ಲು. ಕೈ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಇವರಿಗೇ ಗೊತ್ತಿರಲಿಲ್ಲವಂತೆ. ಆಣೆ ಮಾಡಿ ಹೇಳುತ್ತಾರೆ.

ಮಾಹಿ ಆ ಕೈಯನ್ನೇ ನೋಡಿದಳು. ಸೆರಗು ಬಿಟ್ಟಳು. ತನ್ನ ಫ್ರಾಕಿನ ಮೇಲೆ ಕೈ ಹೊಡೆದಳು. ಇವರು ಎಣಿಸಿದಾಗ ಎಣಿಸಿದಳು, ತಿರುಗಿಸಿದಾಗ ತಿರುಗಿಸಿದಳು.

ಸ್ಟೇಜಿನಿಂದ ಮಗಳು ಅದನ್ನು ನೋಡಿದಳು. ಅಷ್ಟೇ. ದನಿ ಬಿಟ್ಟುಕೊಂಡಿತು. ಮೆಟ್ರೋದಲ್ಲಿ ಹಾಡುತ್ತಿದ್ದಳಲ್ಲ, ಹಾಗೆ ಹಾಡಿದಳು. ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ.

ಹಾಡು ಮುಗಿದು ಹೀರೋ ಕೆಳಗೆ ಬಂದ. ಮೈಕು ಹಿಡಿದ. "ಅಂಕಲ್, ಅಬ್ ತೋ ಗಾನೇ ದೇಂಗೇ ನಾ?"

ಇವರು ಎದ್ದರು. ಮೊದಲು ತಮ್ಮ ಕೈ ನೋಡಿಕೊಂಡರು, ಆಮೇಲೆ ಮಗಳನ್ನು. "ಸರ್, ಸಾರಿ. ಮೈನೇ ಕಭೀ ರೋಕಾ ನಹೀಂ. ಯೇ ಗಾನಾ ಮೈನೇ ಹೀ ಸಿಖಾಯಾ. ಮೆಟ್ರೋ ಮೇಂ."

ತಡೆದೇ ಇಲ್ಲ, ಕಲಿಸಿದ್ದೇ ನಾನು ಅಂತ ಎಲ್ಲರೆದುರು ಹೇಳಿಬಿಟ್ಟರು. ಕ್ಯಾಮೆರಾ ಹಿಂದೆ ವಿಕ್ರಮ್ ತಲೆ ಮೇಲೆ ಕೈ ಹೊತ್ತ. ಪ್ರಕೃತಿ ಸ್ಟೇಜಿನಿಂದ ಓಡಿ ಬಂದಳು. "ಅಪ್ಪಾ, ಸಾರಿ, ಸಾರಿ ಅಪ್ಪಾ..." ಹೀರೋ ನಕ್ಕು, ಮೈಕು ಕೆಳಗಿಳಿಸಿ ಅವಳಿಗೆ ದಾರಿ ಬಿಟ್ಟ.

ಹೊರಗೆ ಬರುವಾಗ ವಿಕ್ರಮ್ ಅಂದದ್ದು ಇಷ್ಟೇ: "ಎಡಿಟ್ ಮೇಂ ದೇಖತೇ ಹೈಂ, ಆಂಟೀಜಿ."

ಏನಾದರೂ ನೋಡಿಕೊಳ್ಳಲಿ. ಗೇಟಿನ ಹತ್ತಿರ ಗೋಲ್‌ಗಪ್ಪಾ ತಿಂದೆವು. "ಭಯ್ಯಾ, ಇವರಿಗೆ ಖಾರ ಜಾಸ್ತಿ ಹಾಕಿ, ಸ್ಟ್ರಿಕ್ಟ್ ಫಾದರ್ ಇವರು," ಅಂದಳು ಪ್ರಕೃತಿ. ಎಷ್ಟು ದಿನವಾಗಿತ್ತು ಈ ನಗು ಕೇಳಿ. ಎದೆ ಹಗುರ. ನಿದ್ದೆ ಬರುತ್ತಿದೆ.

ನವೆಂಬರ್ 22, ಶನಿವಾರ

ಪ್ರೋಮೋ ಹಾಕಿದ್ದಾರೆ. ಅಟ್ಟ. ಪೆಟ್ಟಿಗೆ. ಗಡಸು ದನಿ: "ಏಕ್ ಪಿತಾ, ಜಿಸನೇ ಬೇಟೀ ಕಾ ಸುರ್ ಛೀನ್ ಲಿಯಾ..."

ಮಗಳ ಸ್ವರವನ್ನೇ ಕಿತ್ತುಕೊಂಡ ಅಪ್ಪನಂತೆ! ಹಾಗಾದರೆ ಇವರ ಮಾತು ಕತ್ತರಿಸಿದರು. ಇವರ ಆಫೀಸಿನ ಗ್ರೂಪಿನಲ್ಲಿ ಆಗಲೇ ಯಾರೋ ಹಾಕಿದ್ದಾರೆ. ಇವರು ಮೊಬೈಲು ಬೋರಲು ಹಾಕಿಟ್ಟರು.

ಪ್ರಕೃತಿ ವಿಕ್ರಮ್‌ಗೆ ಫೋನು ಮಾಡಿದಳು. ಎತ್ತಲಿಲ್ಲ. ಮೆಸೇಜು ಹಾಕಿದಳು, ನನಗೆ ತೋರಿಸಿಯೇ ಹಾಕಿದಳು: ಆ ಪ್ಯಾಕೇಜ್, ಅಟ್ಟದ ಕಥೆಯ ಆ ವಿಡಿಯೊ, ತೆಗೆಯಿರಿ, ಬೇಕಾದರೆ ನನ್ನನ್ನೂ ತೆಗೆಯಿರಿ. ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ಸ್ಪರ್ಧೆ ಹೋದರೆ ಹೋಗಲಿ, ನನ್ನ ಮಗಳು ನನಗೆ ಸಿಕ್ಕಳು.

ಟೀಚರಿಂದ ಫೋನಿಲ್ಲ. ಪ್ರೋಮೋ ನೋಡಿದ್ದಾರೋ ಇಲ್ಲವೋ. ಇವರು ಅದನ್ನೇ ಕೇಳಿದರು, ಊಟಕ್ಕೆ ಕೂತಾಗಲೂ.

ನವೆಂಬರ್ 29, ಶನಿವಾರ, ಎಂಟೂವರೆ, ಮೊದಲ ಬ್ರೇಕು

ಸೋಫಾದಲ್ಲಿ ಅಪ್ಪ ಒಂದು ತುದಿ, ಮಗಳು ಒಂದು ತುದಿ. ನಾನು ಡೈನಿಂಗ್ ಟೇಬಲ್ಲಿನಲ್ಲಿ ಬರೆಯುತ್ತ ಕೂತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು. ಅವಳ ಸರದಿ ಇನ್ನೂ ಬಂದಿಲ್ಲ.

ಎರಡನೇ ಬ್ರೇಕು

ಪ್ಯಾಕೇಜ್ ಇಲ್ಲ! ತೆಗೆದಿದ್ದಾರೆ! ಅಟ್ಟವೂ ಇಲ್ಲ, ಪೆಟ್ಟಿಗೆಯೂ ಇಲ್ಲ, ಗಡಸು ದನಿಯೂ ಇಲ್ಲ. ನೇರ ಹಾಡು. ಪರದೆಯ ತುಂಬ ಇವರ ಕೈ. ಪಕ್ಕದಲ್ಲಿ ಮಾಹಿಯ ಪುಟ್ಟ ಕೈ. ಕೆಳಗೆ ದಾನದ ಫೋನ್ ನಂಬರು ಓಡುತ್ತಿತ್ತು. ಆಮೇಲೆ ಇವರು ಎದ್ದು ಹೇಳಿದ ಮಾತು, ಪೂರ್ತಿ. "ಮೆಟ್ರೋ ಮೇಂ" ಅಂದಾಗ ಹೀರೋ ನಕ್ಕದ್ದೂ ಇದೆ.

ವಿಕ್ರಮ್ ಮೆಸೇಜು ಈಗ ಬಂತು. ಆ ಎರಡು ಕೈಗಳನ್ನು ಬಿಡಲು ಎಡಿಟರಿಗೆ ಮನಸ್ಸಾಗಲಿಲ್ಲವಂತೆ. ಅದನ್ನಿಟ್ಟುಕೊಂಡರೆ ಇವನ ಕಥೆ ನಿಲ್ಲುವುದಿಲ್ಲ. ಫೋನುಗಳು ಸುಮಾರಾಗಿ ಬರುತ್ತಿವೆಯಂತೆ. ಸಾರಿ ಅಂತಲೂ ಹಾಕಿದ್ದಾನೆ, ಕೈ ಮುಗಿದ ಗೊಂಬೆ ಜೊತೆ.

ಅಬ್ಬ... ನಾಳೆ ಗಣಪತಿಗೆ ತೆಂಗಿನಕಾಯಿ. ಸ್ಪರ್ಧೆಯ ವೋಟಿನ ಫಲಿತಾಂಶ ಮುಂದಿನ ವಾರ. ಬಂದರೆ ಬರಲಿ, ಹೋದರೆ ಹೋಗಲಿ. ಪ್ರಕೃತಿ ಸರಿದು ಸರಿದು ಅಪ್ಪನ ಪಕ್ಕಕ್ಕೇ ಬಂದು ಕೂತಿದ್ದಾಳೆ.

ಫೋನು. ಟೀಚರು! ಇವರು ನನ್ನ ಕೈಗೆ ಕೊಟ್ಟುಬಿಟ್ಟರು. ಸ್ಪೀಕರಿಗೆ ಹಾಕಿದೆ.

"ಅಹಲ್ಯಾ, ನಾಣಿಗೆ ಕೊಡು. ಆ ಕಾಲು ನೋವಿನವನಿಗೆ."

ಇವರು ಎದ್ದು ನಿಂತರು, ಫೋನಿನ ಮುಂದೆ. "ನಮಸ್ಕಾರ ಟೀಚರ್."

"ಪ್ರೋಮೋ ನೋಡಿದೆ. ಸುಳ್ಳು ಅಂತ ಗೊತ್ತಿತ್ತು, ಅದಕ್ಕೇ ಫೋನ್ ಮಾಡ್ಲಿಲ್ಲ. ಇವತ್ತು ನೋಡಿದ್ದು ಸುಳ್ಳಲ್ಲ. ಕೊನೇ ಚರಣದಲ್ಲಿ ತಾಳ ಬಿಟ್ಟಿದ್ದೀಯಲ್ಲೋ! ಒಂದು ಆವರ್ತ ಪೂರ್ತಿ! ಆ ಪುಟ್ಟ ಮಗು ಸರಿಯಾಗಿ ಹಾಕ್ತು. ನೀನೇನ್ಮಾಡ್ತಿದ್ದೆ?"

ಇವರು ಬಲಗೈ ನೋಡಿಕೊಂಡರು. "ಕಣ್ಣು ಒರಸ್ಕೊಂಡೆ ಟೀಚರ್... ಅದೇ ಕೈಯಲ್ಲಿ..."

ಟೀಚರ ದನಿ ಮೆತ್ತಗಾಯಿತು: "ಇನ್ನೊಂದು ಕೈ ಇತ್ತಲ್ಲೋ. ಹಾಡಿಸು ಅವಳ ಕೈಲಿ, ಈಗ್ಲೇ. ನಾನು ಕೇಳ್ತೀನಿ."

ಪ್ರಕೃತಿ ಸ್ಟೂಲ್ ಹತ್ತಿ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಇವರು ಟವೆಲಿನಿಂದ ಒರೆಸುತ್ತಿದ್ದಾರೆ. ಶ್ರುತಿ ಹಿಡಿಯಿತು. ಅಮ್ಮಾ, ಪೆನ್ ಬಿಟ್ಟು ಬಾ ಅಂತ ಕರೆಯುತ್ತಿದ್ದಾ...