ಹೆಂಗಸರು ಸುಮ್ನೆ ಕೂರೋ ಜಾಗ

ಅಕ್ಕಾ,

ಹೆಂಗಿದೀಯ ಅಂತ ನಿನ್ನನ್ನ ಕೇಳೋದು ಹುಚ್ಚುತನ. ಆದ್ರೂ ಕೈ ಮೊದಲು ಅದನ್ನೇ ಬರೆಯೋಕೆ ಹೋಯ್ತು. ನೀನು ಲಿಂಗೈಕ್ಯಳಾದ ಮೇಲೆ ಇದು ಮೂರನೇ ಶ್ರಾವಣ. ಮನೇಲಿ ಜನ ಇಲ್ಲ ಅಂತಲ್ಲ. ಮಕ್ಕಳು, ಸೊಸೆ, ಹೊತ್ತಿಗೊಂದು ಧಾರಾವಾಹಿ, ಎಲ್ಲ ಇದೆ. ನನ್ನ ಮಾತು ಕೇಳೋರು ಇಲ್ಲ, ಅಷ್ಟೇ. ವಾರಗಿತ್ತಿಯರು ಅಂದ್ರೆ ಹಾವು ಮುಂಗುಸಿ ಅಂತಾರೆ. ನಮ್ಮಿಬ್ಬರನ್ನ ನೋಡಿ ಅತ್ತೆಗೇ ಹೊಟ್ಟೆಕಿಚ್ಚಾಗ್ತಿತ್ತು, ಅಲ್ವಾ?

ಸಾಯಂಕಾಲ ನಾವಿಬ್ಬರೂ ಅರಸೀಕೆರೆ ಸ್ಟೇಷನ್ನಿಗೆ ಹೋಗ್ತಿದ್ದದ್ದು ನೆನಪಾಗುತ್ತೆ. ಗಂಡಸರಿಗೆ ಕೂರೋಕೆ ಹೋಟ್ಲು, ಕ್ಷೌರದ ಅಂಗಡಿ, ಕೊಬ್ಬರಿ ಮಂಡಿ ಮುಂದಿನ ಕಟ್ಟೆ. ಹೆಂಗಸರು ಮನೆಯಿಂದ ಹೊರಬಿದ್ರೆ ನಡೀತಾನೇ ಇರ್ಬೇಕು, ನಿಂತ್ರೆ ಯಾಕೆ ಅಂತ ಕೇಳೋರು. ಸ್ಟೇಷನ್ನಲ್ಲಿ ಮಾತ್ರ ಯಾರೂ ಕೇಳ್ತಿರ್ಲಿಲ್ಲ. ಪ್ಲಾಟ್‌ಫಾರಂ ಟಿಕೆಟ್ ತಗೊಂಡು, ಬೆಂಚಲ್ಲಿ ಕೂತು, ಬಾರದ ನೆಂಟರಿಗೆ ಕಾಯೋ ಹಾಗೆ ಮುಖ ಮಾಡ್ಕೊಂಡು... ಹುಬ್ಬಳ್ಳಿ ಕಡೆ ಗಾಡಿ ಬಂದ್ರೆ ನೀನು ಎದ್ದು ಒಂದೊಂದು ಡಬ್ಬೀನೂ ಇಣುಕಿ ನೋಡೋಳು. "ಸುಮ್ನೆ ಕೂರೋಕೂ ನಾಟ್ಕ ಆಡ್ಬೇಕಲ್ಲೇ ಗಿರಿಜ" ಅಂತ ಒಂದಿನ ಸಿಟ್ಟಾದೆ.

ಆ ಸಿಟ್ಟಲ್ಲೇ ಅಲ್ವಾ ನೀನು ಬೀದಿ ಹೆಂಗಸರನ್ನೆಲ್ಲ ಕಟ್ಕೊಂಡು ವಾರ್ಡಿನ ಮೆಂಬರ್ ಮನೆಗೆ ಹೋದದ್ದು? ಸಂತೆ ಮೈದಾನದ ಪಕ್ಕ ಖಾಲಿ ಬಿದ್ದ ಜಾಗದಲ್ಲಿ ನಮಗೊಂದು ಪಾರ್ಕ್ ಮಾಡಿಕೊಡಿ ಅಂದೆ. ಮೆಂಬರು ಹೆಂಗಸೇ, ಮಾತೆಲ್ಲ ಅವಳ ಗಂಡಂದು. ಕಾಂಪೌಂಡ್ ಎಷ್ಟೆತ್ತರ ಬೇಕು ಅಂತ ಅವನು ಕೇಳಿದಾಗ ನಮ್ಮೋರೇ ಒಂದೇ ಬಾಯಲ್ಲಿ, "ಯಾರಿಗೂ ಕಾಣದ ಹಾಗೆ ಕಟ್ಟಿಸಣ್ಣ, ಎದುರುಗಡೆ ಅಂಗಡೀಲಿ ನಮ್ಮ ಮಾವ, ಭಾವ ಎಲ್ಲ ಕೂತಿರ್ತಾರೆ" ಅಂದ್ರು. ನೀನೊಬ್ಬಳೇ ಬೇಡ ಅಂದೆ. "ಗೋಡೆ ನೋಡ್ಕೊಂಡು ಕೂರೋಕೆ ಮನೆ ಸಾಲ್ದಾ? ನಾಲ್ಕು ಜನ ಓಡಾಡೋದು ನಮಗೆ ಕಾಣ್ಬೇಕು, ಅವರಿಗೆ ನಾವೂ ಕಾಣ್ಬೇಕು." ಯಾರು ಕೇಳಿದ್ರು ನಿನ್ನ ಮಾತು? ಆಳೆತ್ತರಕ್ಕೂ ಮೇಲೆ ಗೋಡೆ ಎದ್ದಿತು.

ಪಾರ್ಕ್ ಶುರುವಾದ ದಿನ ಎಲ್ಲರೂ ರೇಷ್ಮೆ ಸೀರೆ ಉಟ್ಕೊಂಡು ಬಂದಿದ್ರು, ಅರಿಶಿನ ಕುಂಕುಮ ಕೊಟ್ಟದ್ದೇ ಕೊಟ್ಟದ್ದು. ಆಮೇಲೆ? ಒಳಗೆ ಕೂತ್ರೆ ಆಕಾಶ ಬಿಟ್ಟು ಏನೂ ಕಾಣ್ತಿರ್ಲಿಲ್ಲ. ಗೋಡೆ ಆಚೆ ಹೆಜ್ಜೆ ಸಪ್ಪಳ ಆದ್ರೆ ಯಾರೋ ಏನೋ ಅಂತ ಎದ್ದು ನಿಲ್ಲೋದು. ಒಬ್ಬೊಬ್ಬರೇ ಬರೋದು ಬಿಟ್ರು, ಕುಡುಕರು ಸೇರ್ಕೊಂಡ್ರು, ಗೇಟಿಗೆ ಬೀಗ ಬಿತ್ತು. ನಾವು ಮತ್ತೆ ಸ್ಟೇಷನ್ನಿಗೇ. ಆಸ್ಪತ್ರೆ ಮಂಚದ ಮೇಲೂ ನೀನು "ಆ ಗೋಡೆ ಒಡೆಸ್ಬೇಕು ಕಣೇ" ಅಂತಿದ್ದೆ. ಮೊದ್ಲು ಹುಷಾರಾಗು ಅಂದೆ ನಾನು. ನೀನು ಹುಷಾರಾಗ್ಲೇ ಇಲ್ಲ.

ನೀನು ಹೋದ್ಮೇಲೆ ಒಂದ್ಸಲ ನಾನೊಬ್ಬಳೇ ಸ್ಟೇಷನ್ನಿಗೆ ಹೋದೆ. ಕೂರೋಕೆ ಆಗ್ಲಿಲ್ಲ ಅಕ್ಕ. ಗಾಡಿ ಬಂತು, ಜನ ಇಳಿದ್ರು, ನನಗೆ ಅಳು ತಡೆಯೋಕಾಗದೆ... ಅಲ್ಲಿಂದ ನೆಟ್ಟಗೆ ಮೆಂಬರ್ ಮನೆಗೆ ನಡೆದೆ. ಗಂಡ ಬಾಗಿಲಿಗೆ ಬಂದ. "ನೀನಲ್ಲಪ್ಪ, ಓಟು ಹಾಕಿಸ್ಕೊಂಡೋಳನ್ನ ಕರಿ" ಅಂದೆ. ಬಾಯಿಲ್ಲದ ಗಿರಿಜಂಗೆ ಆ ಧೈರ್ಯ ಎಲ್ಲಿಂದ ಬಂತೋ. ಆ ಹೆಣ್ಣುಮಗಳನ್ನ ಕರ್ಕೊಂಡು ಹೋಗಿ, ಬೀಗ ತೆಗೆಸಿ, ಒಳಗೆ ಬೆಂಚಿನ ಮೇಲೆ ಕೂರಿಸ್ದೆ. ಸ್ವಲ್ಪ ಹೊತ್ತಿಗೆ ಅವಳೇ ಎದ್ದು, "ಜೈಲಿದ್ದಂಗೈತಲ್ಲಮ್ಮ" ಅಂದ್ಳು. ಮೀಟಿಂಗಲ್ಲಿ ಅವಳು ಮೊದಲ ಸಲ ಬಾಯಿ ಬಿಟ್ಟದ್ದು ಈ ಗೋಡೆ ವಿಷಯಕ್ಕೇ ಅಂತೆ.

ಗೋಡೆ ಈಗ ಸೊಂಟದೆತ್ತರ ಇದೆ ಅಕ್ಕ. ಇದನ್ನ ಹೇಳೋಕೇ ಬರೆಯೋಕೆ ಕೂತದ್ದು. ರಸ್ತೆ ಕಾಣುತ್ತೆ, ಸೊಪ್ಪಿನ ಗಾಡಿ ಕಾಣುತ್ತೆ, ಅಂಗಡೀಲಿ ಕೂತ ಮಾವಂದಿರು ನಾಲ್ಕು ದಿನ ನೋಡಿ ಸುಮ್ಮನಾದ್ರು. ಬಸ್ಸಿಗೆ ಹೊತ್ತಿದೆ ಅಂದ್ರೆ ಹಳೇಬೀಡು ಕಡೆ ಹೆಂಗಸರೂ ಒಳಗೆ ಬಂದು ಕಾಲು ಚಾಚ್ತಾರೆ. ನಾನು ದಿನಾ ಹೋಗ್ತೀನಿ. ಬಸ್ಸಲ್ಲಿ ಸೀಟು ಹಿಡಿಯೋ ಹಾಗೆ ಪಕ್ಕದಲ್ಲಿ ನನ್ನ ಚೀಲ ಇಟ್ಕೊಂಡು ಕೂರ್ತಿದ್ದೆ. ಯಾರಿಗೆ ಅಂತ ನೀನು ಕೇಳ್ಬೇಡ. ಹುಚ್ಚು ಅಂತ ನನಗೂ ಗೊತ್ತು, ಆದ್ರೂ ತೆಗೆಯೋಕೆ ಮನಸ್ಸು ಬರ್ತಿರ್ಲಿಲ್ಲ.

ಮೊನ್ನೆ ಬೆಂಚೆಲ್ಲ ತುಂಬಿಹೋಗಿತ್ತು. ಸಂತೆ ಮುಗಿಸ್ಕೊಂಡು ಬಂದ ಒಬ್ಬ ಹೆಂಗಸು ಖಾಲಿ ಬುಟ್ಟಿ ಕೆಳಗಿಟ್ಟು, ನನ್ನ ಚೀಲ ನೋಡಿ, "ಇಲ್ಲಿ ಯಾರಾನ ಬತ್ತಾರಾ ಅಮ್ಮ?" ಅಂತ ಕೇಳಿದ್ಳು.

ಗೇಟಿನ ಕಡೆ ಒಂದ್ಸಲ ನೋಡಿದೆ. ಆಮೇಲೆ, ಇಲ್ಲ ಕಣವ್ವ, ಯಾರೂ ಬರಲ್ಲ, ಕೂತ್ಕೊ ಅಂದೆ. ಚೀಲ ತೆಗೆದು ತೊಡೆ ಮೇಲೆ ಇಟ್ಕೊಂಡೆ.

ನಿನ್ನ
ಗಿರಿಜ